ಊರಿಗೆಲ್ಲ ಹೆಸರು ಬರೆಯುವವನಿಗೆ ಹೆಸರು ಬೇಡವೇ?

ಜಾತ್ರೆ ಹತ್ತಿರ ಬಂತೆಂದರೆ ನಮ್ಮ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ಆಕಾಶ ಕಾಣುವುದಿಲ್ಲ. ಅಷ್ಟು ಫ್ಲೆಕ್ಸ್. ಶಾಸಕರ ಮುಖ, ಮಾಜಿ ಶಾಸಕರ ಮುಖ, ಅವರಿಗೆ ಶುಭ ಕೋರುವ ಇಪ್ಪತ್ತು ಹುಡುಗರ ಮುಖ. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರಿಂಟಿಂಗ್ ಅಂಗಡಿಯ ನಂಬರ್. ಅದು ಮಿಷಿನ್ ಇಟ್ಟವರ ನಂಬರ್. ರಾತ್ರಿ ಎರಡು ಗಂಟೆವರೆಗೆ ಕೂತು ಅಷ್ಟೂ ಮುಖಗಳನ್ನು ಕತ್ತರಿಸಿ, ಜೋಡಿಸಿ, ಅಕ್ಷರ ಬಿಡಿಸಿದ ಹುಡುಗನ ಹೆಸರು ಎಲ್ಲೂ ಇಲ್ಲ.

ಅಂಥ ಹುಡುಗರಲ್ಲಿ ಒಬ್ಬ ನನ್ನ ಗೆಳೆಯ. ಹಾಸನ ಜಿಲ್ಲೆಯ ಒಂದು ಹಳ್ಳಿಯವನು. ಡಿಸೈನ್ ಕಲಿತು, ಬೆಂಗಳೂರಿನಲ್ಲಿ ಎರಡು ವರ್ಷ ದುಡಿದು, ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಮನೆಯ ಪಡಸಾಲೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ವಂತ ಕೆಲಸ ಶುರು ಮಾಡಿದ. ಸಂಘದ ಲೋಗೋ, ಹೋಮ್‌ಸ್ಟೇ ಬೋರ್ಡು, ಮದುವೆ ಕಾರ್ಡು, ಕಾಫಿಪುಡಿ ಪ್ಯಾಕೆಟ್ಟು. ಕೆಲಸ ಚೆನ್ನಾಗಿ ಮಾಡುತ್ತಾನೆ. ಆದರೆ ಅವನ ವಾಟ್ಸಾಪ್ ಡಿಪಿ ನೋಡಿದರೆ ಬೇಜಾರಾಗುತ್ತದೆ. ಎಲ್ಲೋ ಸಿಕ್ಕಿದ ಬಲ್ಬು, ಬಲ್ಬಿನೊಳಗೆ ಪೆನ್ಸಿಲ್, ಸುತ್ತ ಏಳು ಬಣ್ಣ, ಕೆಳಗೆ ಇಂಗ್ಲಿಷಿನಲ್ಲಿ ಏನೋ ಒಂದು ‘ಕ್ರಿಯೇಷನ್ಸ್’.

“ಊರಿಗೆಲ್ಲ ಲೋಗೋ ಮಾಡ್ತೀಯಾ, ನಿಂದು ಯಾಕೋ ಹಿಂಗೆ?” ಅಂದೆ.

“ನಂದನ್ನ ಯಾರ್ ನೋಡ್ತಾರೆ ಮಗಾ? ಕೆಲಸ ಆಗ್ತಿದೆಯಲ್ಲ, ಸಾಕು ಬಿಡು” ಅಂದ.

ನನ್ನ ಜಗಳ ಈ ಮಾತಿನ ಜೊತೆ.

‘ಅದ್ಯಾರೋ ಹುಡುಗ’

ನಡೆದದ್ದನ್ನು ಹೇಳುತ್ತೇನೆ. ಒಂದು ಮಹಿಳಾ ಸಂಘಕ್ಕೆ ಅವನು ರಾಗಿ ಹುರಿಹಿಟ್ಟಿನ ಪ್ಯಾಕೆಟ್ ಮಾಡಿಕೊಟ್ಟ. ಬೀಸುವ ಕಲ್ಲಿನ ಗೂಟವೇ ರಾಗಿ ತೆನೆಯಾಗುವಂಥ ಒಂದು ಗುರುತು. ನಾಲ್ಕು ದಿನದ ಕೆಲಸ. ಸಿಕ್ಕಿದ್ದು ಮುನ್ನೂರು ರೂಪಾಯಿ, ಒಂದು ಕೆ.ಜಿ. ಹುರಿಹಿಟ್ಟು. ಪ್ಯಾಕೆಟ್ ಜನರಿಗೆ ಹಿಡಿಸಿತು. ಮೇಳವೊಂದರಲ್ಲಿ ಅದನ್ನು ನೋಡಿದ ಕಾಫಿ ತೋಟದವರೊಬ್ಬರು “ಇದನ್ನು ಮಾಡಿದ್ದು ಯಾರಮ್ಮ?” ಅಂತ ಕೇಳಿದರು. ಸಂಘದವರು ಏನಂದರು ಗೊತ್ತೇ? “ಅದ್ಯಾರೋ ಹುಡುಗ ಮಾಡ್ಕೊಟ್ಟ ಸಾರ್. ನಂಬರ್ ಇತ್ತು, ಯಾವ ಹೆಸರಲ್ಲಿ ಸೇವ್ ಮಾಡಿದೀವೋ ಗೊತ್ತಾಗ್ತಿಲ್ಲ.” ಸಂಘದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವರಿಗೆ ನೆನಪಿಟ್ಟುಕೊಳ್ಳಲು ಅವನೇ ಏನೂ ಕೊಟ್ಟಿರಲಿಲ್ಲ. ತೋಟದ ಕೆಲಸ ಬೆಂಗಳೂರಿಗೆ ಹೋಯಿತು. ಅವನಿಗೆ ಅದು ಆರು ತಿಂಗಳ ಅನ್ನ.

ಡಿಸೈನ್ ಅಂದರೆ ಸಿಂಗಾರ, ಹೊಟ್ಟೆಪಾಡಿಗೂ ಅದಕ್ಕೂ ಸಂಬಂಧವಿಲ್ಲ ಅನ್ನುವವರು ಈ ಲೆಕ್ಕ ಹಾಕಿ ನೋಡಲಿ.

ನಿಮ್ಮ ಪಾಸ್‌ಬುಕ್ ಮೇಲಿರುವ ಸ್ಟೇಟ್ ಬ್ಯಾಂಕಿನ ಗುರುತು ಮಾಡಿದ್ದು ಯಾರು? ನೂರಕ್ಕೆ ತೊಂಬತ್ತೊಂಬತ್ತು ಜನಕ್ಕೆ ಗೊತ್ತಿರಲಿಕ್ಕಿಲ್ಲ. 1971ರಲ್ಲಿ ಅದನ್ನು ಮಾಡಿದವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್. ಜನರಿಗೆ ಹೆಸರು ಗೊತ್ತಿಲ್ಲದಿದ್ದರೂ ಅವರ ಬೆನ್ನ ಹಿಂದೆ ಒಂದು ಸಂಸ್ಥೆಯ ಹೆಸರಿತ್ತು. ಸ್ವಂತಕ್ಕೆ ದುಡಿಯುವ ಹಳ್ಳಿಯ ಡಿಸೈನರ್ ಬೆನ್ನ ಹಿಂದೆ ಯಾರಿದ್ದಾರೆ? ಆಫೀಸಿಲ್ಲ, ಬೋರ್ಡಿಲ್ಲ, ಪರಿಚಯ ಹೇಳುವವರಿಲ್ಲ. ಅವನಿಗೆ ಇರುವುದು ಅವನ ಹೆಸರು, ಅವನ ಕೈ. ಅದನ್ನೂ ಅವನೇ ಬಚ್ಚಿಟ್ಟರೆ ಉಳಿಯುವುದು ‘ಅದ್ಯಾರೋ ಹುಡುಗ’.

ಹೆಸರು ಹಾಕುವುದು ಅಹಂಕಾರವಲ್ಲ

“ಕೆಲಸ ಮಾತಾಡಬೇಕು, ಹೆಸರಲ್ಲ” ಎಂದು ನಮ್ಮ ಕಡೆ ಬಹಳ ಜನ ಹೇಳುತ್ತಾರೆ. ಕೇಳಲು ಚೆಂದ. ಆದರೆ ಇದನ್ನು ಹೇಳುವವರು ತಮ್ಮ ಮನೆಯ ಗೇಟಿಗೆ, ಟ್ರ್ಯಾಕ್ಟರಿಗೆ, ದೇವಸ್ಥಾನಕ್ಕೆ ಕೊಟ್ಟ ಟ್ಯೂಬ್‌ಲೈಟಿಗೂ ಹೆಸರು ಬರೆಸಿರುತ್ತಾರೆ. ವಿನಯ ಬೇಕಾಗುವುದು ಕೆಲಸ ಮಾಡಿದವನಿಗೆ ಮಾತ್ರ!

ನಮ್ಮದೇ ಜಿಲ್ಲೆಯ ಬೇಲೂರಿಗೆ ಹೋಗಿ. ದೇವಸ್ಥಾನ ಕಟ್ಟಿಸಿದ್ದು ವಿಷ್ಣುವರ್ಧನ, 1117ರಲ್ಲಿ. ರಾಜನ ಹೆಸರು ಶಾಸನದಲ್ಲಿದೆ, ಸರಿ. ಆದರೆ ಶಿಲ್ಪಗಳ ಬುಡದಲ್ಲಿ ಕಲ್ಲು ಕಡೆದವರ ಹೆಸರೂ ಇದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಬರೀ ಹೆಸರಲ್ಲ, ಊರು ಇದೆ, ಬಿರುದು ಇದೆ. ದಾಸೋಜನ ಊರು ಬಳ್ಳಿಗಾವಿ, ಅಂದರೆ ಇವತ್ತಿನ ಶಿಕಾರಿಪುರ ತಾಲ್ಲೂಕು. ಅಲ್ಲಿಂದ ಕೆಲಸಕ್ಕೆ ಬಂದವನು ತನ್ನ ಊರಿನ ಹೆಸರನ್ನೂ ಕಲ್ಲಿನಲ್ಲಿ ಬಿಟ್ಟು ಹೋದ.

13ನೇ ಶತಮಾನದ ಮಲ್ಲಿತಮ್ಮನದು ಇನ್ನೂ ಸೊಗಸು. ಸೋಮನಾಥಪುರ ಸೇರಿ ಹಲವು ಗುಡಿಗಳಲ್ಲಿ ಕೆಲಸ ಮಾಡಿದ ಈ ಶಿಲ್ಪಿ ಕೆಲವು ಕಡೆ ಪೂರ್ತಿ ಹೆಸರು ಹಾಕಿದ್ದಾನೆ, ಕೆಲವು ಕಡೆ ‘ಮಲ್ಲಿ’, ಇನ್ನು ಕೆಲವು ಕಡೆ ಬರೀ ‘ಮ’. ಇವತ್ತು ಡಿಸೈನ್ ಕಾಲೇಜಿನಲ್ಲಿ ಹೇಳಿಕೊಡುವುದೂ ಇದನ್ನೇ. ಜಾಗ ಇದ್ದಲ್ಲಿ ಪೂರ್ತಿ ಹೆಸರು, ಜಾಗ ಕಡಿಮೆ ಇದ್ದಲ್ಲಿ ಚಿಕ್ಕದು, ಇಲ್ಲವೇ ಇಲ್ಲ ಅನ್ನುವಲ್ಲಿ ಒಂದೇ ಅಕ್ಷರ.

ಇಷ್ಟು ಹಿಂದಕ್ಕೆ ಹೋಗುವುದೂ ಬೇಡ. ಫ್ಲೆಕ್ಸ್ ಬರುವ ಮುಂಚೆ ಅಂಗಡಿ ಬೋರ್ಡು, ಲಾರಿ ಹಿಂಭಾಗ, ನಾಟಕದ ಪರದೆ ಬರೆಯುತ್ತಿದ್ದ ಪೇಂಟರ್‌ಗಳನ್ನು ನೆನೆಸಿಕೊಳ್ಳಿ. ಬಲಗಡೆ ಕೆಳಮೂಲೆಯಲ್ಲಿ ಓರೆಯಾಗಿ ‘ಇಂಥವರ ಆರ್ಟ್ಸ್’ ಅಂತ ಬರೆಯುತ್ತಿದ್ದರು. ಅದನ್ನು ನೋಡಿ ಪಕ್ಕದ ಊರಿನವರು ಹುಡುಕಿಕೊಂಡು ಬರುತ್ತಿದ್ದರು. ಬ್ರಷ್ ಹೋಗಿ ಮೌಸ್ ಬಂದಾಗ ಆ ಮೂಲೆಯೂ ಹೋಯಿತು. ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನಾವೇ ಬಿಟ್ಟುಕೊಟ್ಟೆವು.

ಎರವಲು ಮುಖ ಯಾಕೆ ಅಪಾಯ

ಬಲ್ಬು-ಪೆನ್ಸಿಲ್ ಡಿಪಿ ಹಾಕಿಕೊಂಡರೆ ಏನು ನಷ್ಟ ಅಂತ ಕೇಳಬಹುದು. ನಷ್ಟವಿದೆ. ನಿನ್ನ ಗುರುತೇ ರೆಡಿಮೇಡ್ ಆದರೆ “ಇಂಥದ್ದು ನಾನೇ ಮೊಬೈಲಲ್ಲಿ ಮಾಡ್ಕೋತೀನಿ” ಅಂತ ಗಿರಾಕಿ ಅನ್ನುತ್ತಾನೆ. ಅವನು ಹೇಳುವುದು ಸರಿ ಕೂಡ. ಟೆಂಪ್ಲೇಟ್ ಹಾಕಿಕೊಂಡು ಕೂತವನು ಟೆಂಪ್ಲೇಟಿಗಿಂತ ಹೆಚ್ಚು ದುಡ್ಡು ಹೇಗೆ ಕೇಳುತ್ತಾನೆ? ಮುನ್ನೂರು ರೂಪಾಯಿ ಕೊಟ್ಟರು ಅಂತ ಗೊಣಗುವ ಮೊದಲು, ಮೂರು ಸಾವಿರದವನ ಹಾಗೆ ನಾವು ಕಾಣಿಸಿದೆವಾ ಎಂದು ಕೇಳಿಕೊಳ್ಳಬೇಕು.

ಇದರಲ್ಲಿ ಗಿರಾಕಿಯ ನಷ್ಟವೂ ಇದೆ. ಕ್ಯಾನ್ವಾದಂಥ ಆ್ಯಪ್‌ನಲ್ಲಿರುವ ರೆಡಿ ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದು. ಟೆಂಪ್ಲೇಟ್‌ನಿಂದ ಮಾಡಿದ ಲೋಗೋವನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಆಗದು ಎಂದು ಆ ಕಂಪನಿಯೇ ಹೇಳುತ್ತದೆ. ಅಂದರೆ ನಿಮ್ಮ ಸಂಘದ ಹಪ್ಪಳದ ಎಲೆ-ಗುರುತು ನಾಳೆ ಬೇರೆ ಜಿಲ್ಲೆಯ ಗೊಬ್ಬರದ ಚೀಲದ ಮೇಲೂ ಬರಬಹುದು. ತಡೆಯಲು ಆಗುವುದಿಲ್ಲ. ಸ್ವಂತವಾಗಿ ಬರೆದ ಗುರುತಾದರೆ, ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ ಕಟ್ಟಿ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಬಹುದು. ನೋಂದಣಿಯಾದರೆ ಹತ್ತು ವರ್ಷ, ಆಮೇಲೆ ನವೀಕರಣ.

ತನ್ನ ಮುಖವನ್ನೇ ಎರವಲು ತಂದವನು ನಿಮಗೆ ಸ್ವಂತದ್ದನ್ನು ಕೊಡುತ್ತಾನೆ ಎಂದು ನಂಬುವುದು ಹೇಗೆ?

ಇಂಗ್ಲಿಷ್ ‘ಕ್ರಿಯೇಷನ್ಸ್’ ಯಾರಿಗಾಗಿ?

“ಇಂಗ್ಲಿಷ್ ಹೆಸರಿದ್ರೇನೇ ದೊಡ್ಡ ಕೆಲಸ ಸಿಗೋದು” ಅಂತ ಗೆಳೆಯ ವಾದ ಮಾಡಿದ. ಬೆಂಗಳೂರಿನವರಿಗೆ, ಹೊರ ರಾಜ್ಯದವರಿಗೆ ಕೆಲಸ ಮಾಡುವುದಾದರೆ ಇಂಗ್ಲಿಷಿನಲ್ಲೂ ಹೆಸರು ಬೇಕು, ಒಪ್ಪಿದೆ. ಆದರೆ ಅವನ ಕೆಲಸದಲ್ಲಿ ಮುಕ್ಕಾಲು ಪಾಲು ಬರುವುದು ಈ ತಾಲ್ಲೂಕಿನ ಕನ್ನಡ ಓದುವ ಜನರಿಂದ. ಅವರಿಗೆ ಓದಲು, ಹೇಳಲು, ಫೋನಿನಲ್ಲಿ ಹುಡುಕಲು ಬಾರದ ಸ್ಪೆಲ್ಲಿಂಗ್ ಇಟ್ಟುಕೊಂಡು, “ನನ್ನ ಹೆಸರು ಯಾರಿಗೂ ನೆನಪಿರಲ್ಲ” ಅಂದರೆ ತಪ್ಪು ಯಾರದು?

ಕಾನೂನೂ ಕನ್ನಡದ ಕಡೆಗಿದೆ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಈ ಬೋರ್ಡುಗಳನ್ನು ಯಾರಾದರೂ ಚೆನ್ನಾಗಿ ಮಾಡಲೇಬೇಕಲ್ಲ? ಕನ್ನಡ ಅಕ್ಷರ ಬಲ್ಲವನು ಎನ್ನುವುದೇ ನಮ್ಮ ಹುಡುಗರ ಬಂಡವಾಳ. ಆ ಬಂಡವಾಳವನ್ನು ಬಿಟ್ಟು, ಬೆಂಗಳೂರಿನ ಸಾವಿರ ಜನ ಹಾಕಿಕೊಂಡ ಇಂಗ್ಲಿಷ್ ವೇಷವನ್ನೇ ಹಾಕಿಕೊಂಡರೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಕನ್ನಡದಲ್ಲಿ ಗುರುತು ಮಾಡುವುದು ಸುಲಭ ಅಂತ ನಾನು ಹೇಳುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಕೊಂಬು ಪಕ್ಕಕ್ಕೆ ಚಾಚುತ್ತದೆ. ‘ಮಲ್ಲಿಕಾರ್ಜುನ’ ಅಂತ ಬರೆದು ಡಿಪಿ ಸೈಜಿಗೆ ಇಳಿಸಿ ನೋಡಿ, ಒತ್ತು ಮಸಿಯ ಚುಕ್ಕೆಯಾಗುತ್ತದೆ. ಚಿಕ್ಕದಾದಾಗ ‘ಮ’ ಹೋಗಿ ‘ವ’ ಆಗುತ್ತದೆ, ‘ಪ’ ಮತ್ತು ‘ಷ’ ಒಂದೇ ಥರ ಕಾಣುತ್ತವೆ, ‘ದ’, ‘ಧ’, ‘ಥ’ಗಳ ನಡುವಿನ ಸೀಳು-ಚುಕ್ಕೆ ಮಾಯವಾಗುತ್ತದೆ. ಇದೆಲ್ಲ ಕನ್ನಡದಲ್ಲಿ ಓದಿ ಬರೆದು ಬೆಳೆದವನಿಗೆ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಈ ಕೆಲಸ ನಮ್ಮವರದು ಅನ್ನುತ್ತಿರುವುದು.

ಹಾಗಾದರೆ ಏನು ಮಾಡಬೇಕು?

ಬರೀ ಬೈದು ಹೋಗುವುದು ಬೇಡ. ಗೆಳೆಯನ ಜೊತೆ ಎರಡು ಭಾನುವಾರ ಕೂತು ಮಾಡಿದ್ದನ್ನು ಬರೆಯುತ್ತೇನೆ. ಇದೇ ಕೆಲಸದಲ್ಲಿರುವವರಿಗೆ ಉಪಯೋಗವಾದರೆ ಆಗಲಿ.

ಮೊದಲು ಹೆಸರು. ‘ಕ್ರಿಯೇಷನ್ಸ್’ ತೆಗೆದು ಅವನ ಹೆಸರು, ಅವನ ಊರು ಇಟ್ಟೆವು. ಒಬ್ಬನೇ ಕೆಲಸ ಮಾಡುವವನು ಹತ್ತು ಜನರ ಕಂಪನಿಯ ಹಾಗೆ ನಟಿಸಬೇಕಾಗಿಲ್ಲ. ಒಬ್ಬನೇ ಇರುವುದೇ ಅವನ ಬಲ. ಫೋನ್ ಎತ್ತುವವನೂ ಅವನೇ, ಡಿಸೈನ್ ಮಾಡುವವನೂ ಅವನೇ.

ಆಮೇಲೆ ಅಕ್ಷರ. ಹೆಸರಿನ ಮೊದಲ ಅಕ್ಷರವನ್ನು ಕೈಯಿಂದಲೇ ಕಾಗದದ ಮೇಲೆ ಐವತ್ತು ಸಲ ಬರೆದ. ಅದರಲ್ಲಿ ಒಂದನ್ನು ಆರಿಸಿ ಕಂಪ್ಯೂಟರಿಗೆ ತಂದ. ಅದು ಅವನ ‘ಮ’. ಉಳಿದ ಬರಹಕ್ಕೆ ಒಂದೇ ಫಾಂಟ್. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೊ ಸೆರಿಫ್ ಕನ್ನಡ ಇವೆಲ್ಲ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟುಗಳು. ದುಡ್ಡು ಕೊಡದೆ ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಕದ್ದ ಫಾಂಟ್ ಬೇಕಾಗಿಲ್ಲ. ಪ್ರೆಸ್ಸಿಗೆ ಕಳಿಸುವಾಗ ಅಕ್ಷರವನ್ನು ಕರ್ವ್ಸ್‌ಗೆ ಬದಲಿಸಿ ಕಳಿಸಿದರೆ ಅಲ್ಲಿಯ ಕಂಪ್ಯೂಟರಿನಲ್ಲಿ ಒತ್ತು ಒಡೆಯುವ ಗೋಳಿಲ್ಲ.

ಮೂರನೆಯದು ಬಣ್ಣ. ಏಳು ಬಣ್ಣ ಬಿಟ್ಟು ಒಂದಕ್ಕೆ ಬಂದೆವು. ಊರಿನ ಹಂಚಿನ ಕೆಂಪು. ಮೊಬೈಲಿನಲ್ಲಿ ಮಿಂಚುವ ಬಣ್ಣ ಕಾಗದದ ಮೇಲೆ ಮಂಕಾಗುತ್ತದೆ, ಯಾಕೆಂದರೆ ಪರದೆಯ ಬಣ್ಣ ಬೆಳಕಿನದು, ಪ್ರೆಸ್ಸಿನದು ನಾಲ್ಕು ಶಾಯಿಗಳ ಬೆರಕೆ. ಹಾಗಾಗಿ ಪ್ರಿಂಟ್ ಹಾಕಿಸಿ ನೋಡಿ, ಒಪ್ಪಿಗೆಯಾದ ಮೇಲೆ ಶಾಯಿಯ ಲೆಕ್ಕವನ್ನು ಬರೆದಿಟ್ಟುಕೊಂಡ. ಪ್ರತಿ ಸಲ ಅದೇ ನಂಬರ್.

ನಾಲ್ಕನೆಯದು ಪರೀಕ್ಷೆ. ಡಿಪಿಯ ದುಂಡು ಚೌಕಟ್ಟಿನೊಳಗೆ ಮೂಲೆ ಕತ್ತರಿಸಿ ಹೋಗುತ್ತದೆಯೇ? ಜೆರಾಕ್ಸ್ ಮಾಡಿದರೆ ಕಪ್ಪು ಬಿಳುಪಿನಲ್ಲಿ ಉಳಿಯುತ್ತದೆಯೇ? ಬಿಲ್ ಪುಸ್ತಕಕ್ಕೆ ರಬ್ಬರ್ ಸ್ಟಾಂಪ್ ಮಾಡಿಸಿದರೆ ಮಸಿ ಕಟ್ಟಿಕೊಳ್ಳುತ್ತದೆಯೇ? ರಸ್ತೆ ಆಚೆಯಿಂದ ಅವನ ಅಮ್ಮನಿಗೆ ಓದಲು ಆಗುತ್ತದೆಯೇ? ಅಮ್ಮ ಎರಡು ಸಲ ಫೇಲ್ ಮಾಡಿದರು. ಮೂರನೇ ಸಲ “ಈಗ ನಿನ್ನೆಸ್ರು ಥರ ಕಾಣ್ತದೆ ಕಣ್ಲಾ” ಅಂದರು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನಿಯಮ. ಅದೇ ಅಕ್ಷರ, ಅದೇ ಬಣ್ಣ, ಅದೇ ಜಾಗ. ಡಿಪಿಯಲ್ಲಿ, ಕೊಟೇಷನ್ನಿನಲ್ಲಿ, ಬಿಲ್ಲಿನಲ್ಲಿ, ಕಳಿಸುವ ಪ್ರತಿ ಫೈಲಿನ ಹೆಸರಿನಲ್ಲಿ. ಹಬ್ಬ ಬಂತು ಅಂತ ಬದಲಾಯಿಸುವ ಹಾಗಿಲ್ಲ. ಒಂದು ಸಲ ಚೆಂದ ಕಂಡರೆ ಜನ ಮೆಚ್ಚುತ್ತಾರೆ. ನೂರು ಸಲ ಒಂದೇ ಥರ ಕಂಡರೆ ಗುರುತು ಹಿಡಿಯುತ್ತಾರೆ. ನಮಗೆ ಬೇಕಾಗಿರುವುದು ಎರಡನೆಯದು.

ಇಲ್ಲೊಂದು ಎಚ್ಚರ. ಪೋಸ್ಟರ್, ಕಾರ್ಡು, ಪ್ಯಾಕೆಟ್ಟಿನ ಮೂಲೆಯಲ್ಲಿ ಗಿರಾಕಿಯನ್ನು ಕೇಳಿ ಸಣ್ಣದಾಗಿ ಸಹಿ ಹಾಕಬಹುದು. ಗಿರಾಕಿಯ ಲೋಗೋದೊಳಗೆ ಹಾಕುವ ಹಾಗಿಲ್ಲ, ಅದು ಅವರ ಮುಖ. ಅಲ್ಲಿ ಬೇಕಾಗಿರುವುದು ಬರವಣಿಗೆ.

ಕಾಗದದಲ್ಲಿ ಬರೆಯಿರಿ

1957ರ ಕೃತಿಸ್ವಾಮ್ಯ ಕಾಯ್ದೆ ನಮ್ಮ ಹುಡುಗರಿಗೆ ಗೊತ್ತೇ ಇಲ್ಲ. ಅದರ 17ನೇ ಸೆಕ್ಷನ್ ಪ್ರಕಾರ ಕೃತಿ ರಚಿಸಿದವನೇ ಸಾಮಾನ್ಯವಾಗಿ ಮೊದಲ ಮಾಲೀಕ. ನೌಕರಿಯಲ್ಲಿದ್ದು ಮಾಡಿದರೆ ಅದು ಮಾಲೀಕನದು. ಫೋಟೊ, ಪೇಂಟಿಂಗ್, ಭಾವಚಿತ್ರದಂಥವನ್ನು ದುಡ್ಡು ಕೊಟ್ಟು ಮಾಡಿಸಿದರೆ ಮಾಡಿಸಿದವರದು. ಸ್ವಂತಕ್ಕೆ ದುಡಿಯುವವನು ಮಾಡಿದ ಲೋಗೋದ ಹಕ್ಕು ಸಾಮಾನ್ಯವಾಗಿ ತನ್ನಷ್ಟಕ್ಕೆ ಗಿರಾಕಿಗೆ ಹೋಗುವುದಿಲ್ಲ. 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ ಎಂದು ಅರ್ಥ. 57ನೇ ಸೆಕ್ಷನ್, ಹಕ್ಕು ಮಾರಿದ ಮೇಲೂ ‘ಇದನ್ನು ಮಾಡಿದ್ದು ನಾನು’ ಎಂದು ಹೇಳಿಕೊಳ್ಳುವ ಹಕ್ಕನ್ನು ಮಾಡಿದವನಲ್ಲೇ ಉಳಿಸುತ್ತದೆ.

ಇದು ಗಿರಾಕಿಯನ್ನು ಹೆದರಿಸಲು ಹೇಳುತ್ತಿಲ್ಲ. ಇಬ್ಬರಿಗೂ ಕಾಗದ ಬೇಕು. ಕಾಗದ ಇಲ್ಲದಿದ್ದರೆ ಸಂಘಕ್ಕೆ ತನ್ನ ಗುರುತಿನ ಮೇಲೆ ಪೂರ್ತಿ ಹಿಡಿತವಿಲ್ಲ, ಡಿಸೈನರ್‌ಗೆ ತನ್ನ ಕೆಲಸದ ಮೇಲೆ ಹೆಸರಿಲ್ಲ. ಅರ್ಧ ಪುಟ ಸಾಕು, ಕನ್ನಡದಲ್ಲೇ. ಏನು ಕೆಲಸ, ಎಷ್ಟು ಹಣ, ಎಷ್ಟು ಸಲ ತಿದ್ದಿ ಕೊಡುತ್ತೇನೆ, ಹಣ ಪೂರ್ತಿ ಬಂದ ಮೇಲೆ ಯಾವ ಹಕ್ಕು ಎಷ್ಟು ಕಾಲಕ್ಕೆ ನಿಮ್ಮದು, ಈ ಕೆಲಸವನ್ನು ನನ್ನ ಹೆಸರಿನಲ್ಲಿ ತೋರಿಸಿಕೊಳ್ಳಲು ನಿಮ್ಮ ಒಪ್ಪಿಗೆ. ಕೆಳಗೆ ಇಬ್ಬರ ಸಹಿ. ಮೇಲೆ ಅವನ ಕೆಂಪು ‘ಮ’. ಆ ಅಕ್ಷರ ಇರುವ ಕಾಗದದ ಮೇಲೆ ಮೂರು ಸಾವಿರ ಅಂತ ಬರೆಯಲು ಅವನ ಕೈ ನಡುಗಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದೆ.

ಗಿರಾಕಿಗಳು ಓಡಿ ಹೋಗಲಿಲ್ಲವೇ? ಇಬ್ಬರು ಹೋದರು. “ಎರಡ್ ನಿಮಿಷದ ಕೆಲಸಕ್ಕೆ ಅಗ್ರಿಮೆಂಟ್ ಅಂತೆ” ಎಂದು ಚಹಾದಂಗಡಿಯಲ್ಲಿ ನಕ್ಕರು. ಹೋಗಲಿ. ಎರಡು ನಿಮಿಷದ ಕೆಲಸವಾದರೆ ಅವರೇ ಮಾಡಿಕೊಳ್ಳಲಿ. ಉಳಿದವರು ಕೂತು ಓದಿ ಸಹಿ ಹಾಕಿದರು. ಹುರಿಹಿಟ್ಟಿನ ಸಂಘದವರೂ ಹೊಸ ಪ್ಯಾಕೆಟ್ಟಿಗೆ ಬಂದರು. ಈ ಸಲ ಅಧ್ಯಕ್ಷೆ ಅಕ್ಕನೇ ಕೇಳಿದರು, “ನಿನ್ನೆಸ್ರು ಎಲ್ಲಿ ಹಾಕ್ತೀಯಪ್ಪಾ? ಯಾರಾದ್ರೂ ಕೇಳಿದ್ರೆ ಹೇಳೋಕಾಗ್ಬೇಕಲ್ಲ.”

ಓದುತ್ತಿರುವ ನೀವು ಡಿಸೈನರ್ ಅಲ್ಲದಿರಬಹುದು. ಆದರೆ ಮುಂದಿನ ತಿಂಗಳು ನಿಮ್ಮ ಮನೆಯಲ್ಲಿ ಗೃಹಪ್ರವೇಶ ಇರಬಹುದು, ಸಂಘದ ಬೋರ್ಡು ಇರಬಹುದು, ತಮ್ಮನ ಅಂಗಡಿ ಇರಬಹುದು. ಅದನ್ನು ಮಾಡಿಕೊಡುವ ಹುಡುಗ ಅಥವಾ ಹುಡುಗಿಗೆ “ನಿನ್ನ ಹೆಸರೇನು, ಎಲ್ಲಿ ಬರೀತೀಯ?” ಅಂತ ಒಂದು ಸಲ ಕೇಳಿ. ಈ ಕೆಲಸದಲ್ಲೇ ಇರುವವರು ಇವತ್ತು ರಾತ್ರಿ ಆ ಬಲ್ಬು-ಪೆನ್ಸಿಲ್ ಡಿಪಿ ತೆಗೆಯಿರಿ. ಹೊಸದು ಇನ್ನೂ ಆಗಿಲ್ಲವೇ? ಪರವಾಗಿಲ್ಲ, ಬಿಳಿ ಹಾಳೆಯ ಮೇಲೆ ನಿಮ್ಮ ಹೆಸರಿನ ಮೊದಲ ಅಕ್ಷರ ಬರೆದು ಅದರ ಫೋಟೊ ಹಾಕಿ. ಅಲ್ಲಿಂದ ಶುರುವಾಗಲಿ.